ಡ್ರಾಬ್ರಿಡ್ಜ್: ನಮ್ಮ ಪಕ್ಕದಲ್ಲೇ ಇದ್ದ ಒಂದು ಹಾಲ್ಟ್



ಕಳೆದ ತಿಂಗಳ ಗೋಷ್ಠಿಗೆ ಬಂದಿದ್ದವರಿಗೆ ನೆನಪಿರಬಹುದು. ನಮ್ಮ ಸದಸ್ಯರೊಬ್ಬರು ತಮ್ಮ ಊರಿನ ಬಗ್ಗೆ ಒಂದು ಪ್ರಬಂಧ ಓದಿದರು. ಅದರಲ್ಲಿ ‘ನಂದಿ ಹಾಲ್ಟ್’ ಬಂತು. ಬಂದದ್ದೇ ತಡ, ಪ್ರಬಂಧ ಅಲ್ಲೇ ಹಾಲ್ಟ್ ಆಯಿತು! ‘ಹಾಲ್ಟ್’ಗೆ ಕನ್ನಡದಲ್ಲಿ ಏನನ್ನಬೇಕು ಎಂಬ ಚರ್ಚೆ ಕಾಫಿ ಆರಿಹೋಗುವವರೆಗೂ ನಡೆಯಿತು. ‘ತಂಗುದಾಣ’ ಎಂದರೆ ಬಸ್ಸಿನ ನೆನಪಾಗುತ್ತದೆ. ‘ನಿಲುಗಡೆ’ ಎಂದರೆ ಎಲ್ಲ ಸ್ಟೇಷನ್ನುಗಳೂ ನಿಲುಗಡೆಗಳೇ. ಕೊನೆಗೆ ಒಬ್ಬರು ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳ ‘ಕೋರಿಕೆಯ ನಿಲುಗಡೆ’ಯನ್ನು ನೆನಪಿಸಿ ಚಪ್ಪಾಳೆ ಗಿಟ್ಟಿಸಿದರು. ಕೈ ಅಡ್ಡ ಹಾಕಿದರೆ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಅಮೆರಿಕದ ಹಳೆಯ ರೈಲುಗಳಲ್ಲಿ ‘ಫ್ಲ್ಯಾಗ್ ಸ್ಟಾಪ್’ ಎನ್ನುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ.

ಅಷ್ಟು ಹೊತ್ತು ಸುಮ್ಮನಿದ್ದ ಇನ್ನೊಬ್ಬ ಸದಸ್ಯರು, ದಿನವೂ ಫ್ರೀಮಾಂಟಿನಿಂದ ಸಾಂತಾ ಕ್ಲಾರಾಕ್ಕೆ ರೈಲಿನಲ್ಲಿ ಹೋಗುವವರು, ಆಗ ಬಾಯಿಬಿಟ್ಟರು. “ನಮ್ಮ ಫ್ರೀಮಾಂಟಿನಲ್ಲೇ ಒಂದು ಹಾಲ್ಟ್ ಇದೆಯಲ್ಲ. ದಿನಾ ನೋಡ್ತೀನಿ. ನೀರಿಗೆ ಇಳೀತಾ ಇದೆ.” ಯಾರೂ ನಂಬಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಊರಲ್ಲಿ ಮನೆ ಮಾಡಿಕೊಂಡಿರುವ ನಮಗೆ ಗೊತ್ತಿಲ್ಲದ ಸ್ಟೇಷನ್ನೇ? ನಂಬದೆ ಇದ್ದುದಕ್ಕೆ ದಂಡವಾಗಿ ನಾವು ನಾಲ್ಕು ಜನ ಒಂದು ಶನಿವಾರ ಸೆಂಟರ್‌ವಿಲ್ ಸ್ಟೇಷನ್ನಿನಲ್ಲಿ ಕ್ಯಾಪಿಟಲ್ ಕಾರಿಡಾರ್ ರೈಲು ಹತ್ತಿ ಗ್ರೇಟ್ ಅಮೆರಿಕ ಸ್ಟೇಷನ್ನಿನವರೆಗೆ ಹೋಗಿಬಂದೆವು. ಆಮೇಲೆ ಹಳೆಯ ದಾಖಲೆಗಳನ್ನೂ ಪುಸ್ತಕಗಳನ್ನೂ ಒಂದಿಷ್ಟು ಕೆದಕಿದೆವು. ಈ ಲೇಖನ ಅದರ ಫಲ.

ನ್ಯೂವಾರ್ಕ್ ದಾಟಿದ ಮೇಲೆ ಊರು ಮುಗಿದು ಉಪ್ಪಿನ ಆಗರಗಳು ಶುರುವಾಗುತ್ತವೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯನ್ನು ನೋಡಿದವರು ಅದನ್ನೇ ಹಲವು ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಿ. ವಿಮಾನ ಇಳಿಯುವಾಗ ಕೆಳಗೆ ಕೆಂಪು, ಕಿತ್ತಳೆ ಬಣ್ಣದ ಚೌಕಗಳಾಗಿ ಕಾಣುವುದು ಇವೇ. ಇವುಗಳ ನಡುವೆ ಒಂಟಿ ಹಳಿ. ಒಂದು ಸೇತುವೆ ಬಂತು, ಕೆಳಗೆ ಕೆಸರು ಬಣ್ಣದ ಮಡ್ ಸ್ಲೂ. ಅದು ದಾಟಿದರೆ ಜವುಗು ನೆಲ, ಹುಲ್ಲು, ಹುಲ್ಲಿನ ಮಧ್ಯೆ ಹಳಿಯ ಎಡಕ್ಕೂ ಬಲಕ್ಕೂ ಬೂದುಬಣ್ಣಕ್ಕೆ ತಿರುಗಿದ ಮರದ ಮನೆಗಳು. ಮನೆಗಳು ಎನ್ನುವುದಕ್ಕಿಂತ ಅವುಗಳ ಅವಶೇಷ: ಒಂದು ಸೂರು, ಓರೆಯಾಗಿ ನಿಂತ ಒಂದು ಗೋಡೆ, ಕಿಟಕಿಯಿಲ್ಲದ ಕಿಟಕಿ. ಮತ್ತೆ ಇನ್ನೊಂದು ಸೇತುವೆ, ಕಯೋಟಿ ಕ್ರೀಕ್. ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು. ನಮ್ಮಲ್ಲೊಬ್ಬರು ಕ್ಯಾಮೆರಾ ತೆಗೆಯುವುದರೊಳಗೆ ಆಲ್ವಿಸೊ ಬಂದಿತ್ತು.

ಅದರ ಹೆಸರು ಡ್ರಾಬ್ರಿಡ್ಜ್. ಎರಡು ತೋಡುಗಳ ನಡುವಿನ ಆ ಜವುಗಿಗೆ ಸ್ಟೇಷನ್ ಐಲ್ಯಾಂಡ್ ಎನ್ನುತ್ತಾರೆ. ಫ್ರೀಮಾಂಟ್ 1956ರಲ್ಲಿ ನಗರವಾದಾಗ ಅದರ ಗಡಿಯೊಳಗೆ ಸೇರಿಕೊಂಡ ಈ ಊರಿಗೆ ಅಂದಿಗೂ ಇಂದಿಗೂ ಒಂದೇ ಒಂದು ರಸ್ತೆಯೂ ಇಲ್ಲ.

ಇನ್ನು ಕಥೆಗೆ ಬರೋಣ. ಆಲ್ವಿಸೊ ಒಂದು ಕಾಲಕ್ಕೆ ಬಂದರಾಗಿತ್ತು. ಸಾಂತಾ ಕ್ಲಾರಾ ಕಣಿವೆಯ ಸರಕೆಲ್ಲ ಅಲ್ಲಿಂದ ದೋಣಿ, ಹಡಗುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿತ್ತು. 1864ರಲ್ಲಿ ಕೊಲ್ಲಿಯ ಪಶ್ಚಿಮಕ್ಕೆ ಸ್ಯಾನ್ ಫ್ರಾನ್ಸಿಸ್ಕೋ–ಸ್ಯಾನ್ ಹೊಸೆ ರೈಲು ಬಂದು ಆಲ್ವಿಸೊವನ್ನು ಬದಿಗೆ ತಳ್ಳಿತು. ಹನ್ನೆರಡು ವರ್ಷದ ಮೇಲೆ ಪೂರ್ವದ ಕಡೆಯಿಂದ ಇನ್ನೊಂದು ರೈಲು ಹೊರಟಿತು: ಸೌತ್ ಪೆಸಿಫಿಕ್ ಕೋಸ್ಟ್ ರೈಲ್‌ರೋಡ್. ಇದಕ್ಕೆ ದುಡ್ಡು ಹಾಕಿದವನು ಜೇಮ್ಸ್ ಫೇರ್. ಐರ್ಲೆಂಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ವಲಸೆ ಬಂದು, ನೆವಾಡಾದ ಬೆಳ್ಳಿ ಗಣಿಯಲ್ಲಿ ಕೋಟಿಗಟ್ಟಲೆ ಗಳಿಸಿ ಆಮೇಲೆ ಸೆನೆಟರನೂ ಆದವನು. ಸ್ಯಾನ್ ಫ್ರಾನ್ಸಿಸ್ಕೋದ ಫೇರ್‌ಮಾಂಟ್ ಹೋಟೆಲಿನ ಹೆಸರಿನಲ್ಲಿ ಇಂದಿಗೂ ಇರುವುದು ಇವನೇ. ಅವನ ಹೆಣ್ಣುಮಕ್ಕಳು ಅಪ್ಪನ ನೆನಪಿಗೆ ಇಟ್ಟ ಹೆಸರು ಅದು.

ಅದು ಮೂರು ಅಡಿ ಅಗಲದ ನ್ಯಾರೋ ಗೇಜ್ ಹಳಿ. 1876ರಲ್ಲಿ ಕೆಲಸ ಆರಂಭವಾಗಿ, ಜವುಗನ್ನು ದಾಟಿ, ಬೆಟ್ಟಗಳನ್ನು ಕೊರೆದು, 1880ರಲ್ಲಿ ಸಾಂತಾ ಕ್ರೂಜ್ ಕಡಲತೀರ ಮುಟ್ಟಿತು. ಬೆಟ್ಟ ಕೊರೆದವರು ಚೀನೀ ಕಾರ್ಮಿಕರು. 1879ರಲ್ಲಿ ಸುರಂಗದೊಳಗೆ ಅನಿಲ ಹೊತ್ತಿಕೊಂಡು ಸಂಭವಿಸಿದ ಸ್ಫೋಟಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಫೇರನ ಹೆಸರಿನಲ್ಲಿ ಹೋಟೆಲ್ ಇದೆ. ವಲಸೆ ಬಂದವರಲ್ಲೂ ಎರಡು ಬಗೆ ಎನ್ನುವುದು ನಮಗೇನು ಹೊಸದಲ್ಲ, ಇರಲಿ.

ಜವುಗಿನಲ್ಲಿ ಹಳಿ ಹಾಕುವಾಗ ಒಂದು ತೊಡಕು ಎದುರಾಯಿತು. ಆಲ್ವಿಸೊಗೆ ದೋಣಿಗಳು ಇನ್ನೂ ಓಡಾಡುತ್ತಿದ್ದವು, ಅವಕ್ಕೆ ದಾರಿ ಬಿಡಬೇಕು. ಆದ್ದರಿಂದ ಎರಡೂ ತೋಡುಗಳ ಮೇಲೆ ತೆರೆಯುವ ಸೇತುವೆಗಳನ್ನು ಕಟ್ಟಿದರು. ಹೆಸರು ‘ಡ್ರಾಬ್ರಿಡ್ಜ್’ ಆದರೂ ಇವು ಮೇಲಕ್ಕೆ ಏಳುವಂಥವಲ್ಲ, ಬಾಗಿಲಿನ ಹಾಗೆ ಅಡ್ಡಕ್ಕೆ ತಿರುಗುವಂಥವು. ತಿರುಗಿಸುವುದು ಕೈಯಿಂದ. ದೋಣಿ ಬಂದರೆ ತೆರೆಯಬೇಕು, ರೈಲು ಬರುವ ಮೊದಲು ಮುಚ್ಚಬೇಕು. ಅಂದಮೇಲೆ ಹಗಲು ರಾತ್ರಿ ಅಲ್ಲೊಬ್ಬ ಮನುಷ್ಯ ಇರಲೇಬೇಕು. ಅವನಿಗೊಂದು ಸಣ್ಣ ಕೋಣೆ ಕಟ್ಟಿಕೊಟ್ಟರು. ಡ್ರಾಬ್ರಿಡ್ಜ್ ಊರಿನ ಮೊದಲ ಮನೆ ಅದು.

ನಮಗೆ ಇಡೀ ಕಥೆಯಲ್ಲಿ ತುಂಬ ಹಿಡಿಸಿದ್ದು ಇದೇ. ಊರು ಇದೆ ಎಂದು ರೈಲು ನಿಂತದ್ದಲ್ಲ. ಒಬ್ಬ ಸೇತುವೆ ಕಾಯುವವನಿಗಾಗಿ ನಿಂತ ರೈಲಿನಿಂದ ಊರು ಹುಟ್ಟಿತು. ಅವನಿಗೆ ದಿನಸಿ ಇಳಿಸಲು ರೈಲು ನಿಂತಾಗ ಬಂದೂಕು ಹಿಡಿದವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಏಕೆಂದರೆ ಆ ಜವುಗಿನ ತುಂಬ ಚಳಿಗಾಲದಲ್ಲಿ ಬಾತುಕೋಳಿಗಳು. ಅವುಗಳಲ್ಲೊಂದಾದ ಸೂಜಿಬಾಲದ ಬಾತು ಚಳಿಗಾಲಕ್ಕೆ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಶಿಕಾರಿಗೆ ಬಂದವರು ಮೊದಲು ಕಾವಲುಗಾರನ ಕೋಣೆಯಲ್ಲೇ ಮಲಗಿದರು, ಆಮೇಲೆ ತಮ್ಮದೇ ಗುಡಿಸಲು ಹಾಕಿಕೊಂಡರು, ಆಮೇಲೆ ಗನ್ ಕ್ಲಬ್ಬುಗಳು, ಹೋಟೆಲು ಬಂದವು. 1880ರ ದಶಕದಲ್ಲಿ ವಾರಾಂತ್ಯಕ್ಕೆ ಸಾವಿರದಷ್ಟು ಜನ ಬಂದಿಳಿಯುತ್ತಿದ್ದರಂತೆ. ದಿನಕ್ಕೆ ಹತ್ತು ರೈಲು ನಿಲ್ಲುತ್ತಿದ್ದ ಕಾಲವೂ ಇತ್ತು, ಐದು ಆ ಕಡೆಗೆ, ಐದು ಈ ಕಡೆಗೆ.

1887ರಲ್ಲಿ ಈ ಮಾರ್ಗ ಸದರ್ನ್ ಪೆಸಿಫಿಕ್ ಕಂಪನಿಯ ಕೈಗೆ ಹೋಯಿತು. ಊರು ಬೆಳೆಯುತ್ತಲೇ ಇತ್ತು. 1920ರ ದಶಕದಲ್ಲಿ ತೊಂಬತ್ತು ಮನೆಗಳು. ಎಲ್ಲವೂ ಮರದ ಕಂಬಗಳ ಮೇಲೆ. ಭರತ ಬಂದರೆ ಮನೆಯ ಕೆಳಗೇ ನೀರು, ಇಳಿತಕ್ಕೆ ಬರಿ ಕೆಸರು. ಶೌಚದ ವಿಲೇವಾರಿಯನ್ನು ಪ್ರತಿದಿನ ಕಡಲೇ ನೋಡಿಕೊಳ್ಳುತ್ತಿತ್ತು ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇವೆ. ರಸ್ತೆಯಿಲ್ಲದ ಕಾರಣ ಮನೆಯಿಂದ ಮನೆಗೆ ಮರದ ಹಲಗೆಗಳ ಹಾದಿ, ಊರಿನ ರಾಜಬೀದಿ ಎಂದರೆ ರೈಲು ಹಳಿ. ಪಂಚಾಯ್ತಿ ಇಲ್ಲ, ಪೊಲೀಸ್ ಇಲ್ಲ. ಪಾನನಿಷೇಧದ ವರ್ಷಗಳಲ್ಲಿ, ಅಂದರೆ 1920ರಿಂದ 1933ರವರೆಗೆ, ಇಂಥ ಊರಿನಲ್ಲಿ ಏನೇನು ನಡೆದಿರಬಹುದೋ ಎಲ್ಲವೂ ನಡೆಯಿತು. ಇಷ್ಟರ ಮಧ್ಯೆಯೂ ಊರಿನ ಒಂದು ತುದಿ ಹೆಚ್ಚಾಗಿ ಕ್ಯಾಥೊಲಿಕರದು, ಇನ್ನೊಂದು ತುದಿ ಪ್ರಾಟೆಸ್ಟೆಂಟರದು. ತೊಂಬತ್ತು ಮನೆಯ ಊರಿನಲ್ಲೂ ಮೇಲಿನ ಕೇರಿ ಕೆಳಗಿನ ಕೇರಿ ಬಿಟ್ಟಿದ್ದಲ್ಲ!

ಆಮೇಲೆ ಊರು ಹಾಳಾದದ್ದು ಹೇಗೆ? ಒಂದೇ ಏಟಿಗೆ ಅಲ್ಲ. ಸುತ್ತಲಿನ ಜವುಗಿಗೆ ಒಡ್ಡು ಕಟ್ಟಿ ಉಪ್ಪಿನ ಆಗರ ಮಾಡಿದರು, ಬಾತುಗಳಿಗೆ ಜಾಗ ಕಡಿಮೆಯಾಯಿತು. ಬೆಳೆಯುತ್ತಿದ್ದ ನಗರಗಳ ಕೊಳಚೆ ಕೊಲ್ಲಿಯ ಈ ಮೂಲೆಗೆ ಹರಿದುಬಂತು, ಈಜುವವರು ಮೀನು ಹಿಡಿಯುವವರು ದೂರವಾದರು. ಕಾರು ಬಂದಮೇಲೆ ರಸ್ತೆಯಿಲ್ಲದ ಊರಿಗೆ ಯಾರು ಬರುತ್ತಾರೆ? ಇದೇ ಹಳಿಯ ಬೆಟ್ಟದ ಭಾಗ 1940ರ ಬಿರುಗಾಳಿ ಮಳೆಗೆ ಕೊಚ್ಚಿಹೋದಾಗ ಕಂಪನಿ ಅದನ್ನು ರಿಪೇರಿ ಮಾಡದೆ ಬಿಟ್ಟೇಬಿಟ್ಟಿತು. ರಜೆಗೆ ಸಾಂತಾ ಕ್ರೂಜ್‌ಗೆ ಹೋಗುವವರ ಕೈಯಲ್ಲಿ ಅಷ್ಟರಲ್ಲಿ ಹೈವೇ 17 ಇತ್ತು.

ಎಲ್ಲಕ್ಕಿಂತ ವಿಚಿತ್ರವಾದದ್ದು ನೆಲವೇ ಕುಸಿದದ್ದು. ಡ್ರಾಬ್ರಿಡ್ಜಿನ ಸುತ್ತ ಉಪ್ಪುನೀರಾದರೂ ನೆಲದಡಿಯಲ್ಲಿ ಸಿಹಿನೀರಿತ್ತು. ಮೊದಮೊದಲು ಈ ಕಣಿವೆಯಲ್ಲಿ ಕೊಳವೆ ಇಳಿಸಿದರೆ ಸಾಕು, ಪಂಪಿಲ್ಲದೆಯೇ ನೀರು ತಾನಾಗಿ ಚಿಮ್ಮುತ್ತಿತ್ತು. ಅಪ್ರಿಕಾಟ್, ಪ್ಲಮ್ ತೋಟಗಳಿಗೆ, ಆಮೇಲೆ ನಗರಗಳಿಗೆ ಎತ್ತಿ ಎತ್ತಿ ಒತ್ತಡ ಇಳಿಯಿತು. ಕೆಳಗಿನ ಜೇಡಿಯ ಪದರಗಳು ನೀರು ಕಳೆದುಕೊಂಡು ಹಿಂಡಿದ ಸ್ಪಂಜಿನಂತೆ ಅಮುಕಿಹೋದವು. ಸ್ಪಂಜಾದರೆ ಮತ್ತೆ ಉಬ್ಬುತ್ತದೆ, ಜೇಡಿ ಉಬ್ಬುವುದಿಲ್ಲ. ಸುಮಾರು 1915ರಿಂದ 1960ರ ದಶಕದ ಕೊನೆಯವರೆಗೆ ಸ್ಯಾನ್ ಹೊಸೆಯ ನಡುಭಾಗ ಹದಿಮೂರು ಅಡಿಯಷ್ಟು ಕೆಳಗಿಳಿಯಿತು. ಹೊರಗಿನಿಂದ ನೀರು ತಂದು, ಕೆರೆಕುಂಟೆಗಳ ಮೂಲಕ ನೆಲಕ್ಕೆ ಇಂಗಿಸತೊಡಗಿದ ಮೇಲೆ ಕುಸಿತ ನಿಂತಿತು. ನಿಂತಿತು ಅಷ್ಟೇ, ಇಳಿದ ನೆಲ ಮೇಲೆ ಬರಲಿಲ್ಲ. ಆಲ್ವಿಸೊ ಇಂದು ಸಮುದ್ರಮಟ್ಟಕ್ಕಿಂತ ಕೆಳಗಿದೆ. ರೈಲಿನವರಿಗೆ ಹಳಿಯ ಕೆಳಗೆ ಜಲ್ಲಿ ಸುರಿದು ಏರಿಸಿಕೊಳ್ಳುವ ದಾರಿಯಿತ್ತು. ಪಕ್ಕದ ಮನೆಗಳಿಗೆ ಯಾರು ಜಲ್ಲಿ ಸುರಿಯುತ್ತಾರೆ?

ನಂದಿ ಹಾಲ್ಟಿನ ಸೀಮೆಯವರಾದ ನಮ್ಮ ಪ್ರಬಂಧಕಾರರು ಇಲ್ಲಿ ಬಾಯಿ ಹಾಕಿದರು. ಚಿಕ್ಕಬಳ್ಳಾಪುರ, ಕೋಲಾರದಲ್ಲೂ ಬೋರ್‌ವೆಲ್ ಸಾವಿರ ಅಡಿ ದಾಟಿದೆಯಲ್ಲ, ಅಲ್ಲಿ ಏಕೆ ನೆಲ ಕುಸಿಯಲಿಲ್ಲ? ಅಲ್ಲಿ ಕೆಳಗಿರುವುದು ಗಟ್ಟಿ ಕಲ್ಲು. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ನೀರು ಬರಿದಾದರೂ ಬಂಡೆ ಅಲ್ಲಾಡುವುದಿಲ್ಲ, ಬಾವಿ ಮಾತ್ರ ಒಣಗುತ್ತದೆ. ಇಲ್ಲಿಯ ನೆಲ ಕುಸಿದು ಲೆಕ್ಕ ತೋರಿಸಿತು, ಅಲ್ಲಿಯದು ತೋರಿಸಲಿಲ್ಲ.

ನಂದಿ ಹಾಲ್ಟಿನ ಮಾತು ಬಂದದ್ದರಿಂದ ಒಂದು ಸಣ್ಣ ಸುತ್ತು ಹಾಕಿ ಬರುತ್ತೇವೆ. ಅದೂ ನ್ಯಾರೋ ಗೇಜಿನ ಕೂಸೇ, ಎರಡೂವರೆ ಅಡಿ ಅಗಲದ್ದು. 1915ರ ಸುಮಾರಿಗೆ ಬಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯದು. ನಮ್ಮ ರೈಲ್ವೆಯಲ್ಲಿ ಹಾಲ್ಟ್ ಎಂದರೆ ಸಾಮಾನ್ಯವಾಗಿ ಸ್ಟೇಷನ್ ಮಾಸ್ತರರಿಲ್ಲ, ಸಿಗ್ನಲ್ ಇಲ್ಲ, ರೈಲುಗಳು ಒಂದನ್ನೊಂದು ದಾಟಲು ಎರಡನೆಯ ಹಳಿಯಿಲ್ಲ. ಕಮಿಷನ್ ಮೇಲೆ ಟಿಕೆಟ್ ಹರಿಯುವ ಸ್ಥಳೀಯನೊಬ್ಬ ಇದ್ದರೆ ಉಂಟು. ಹಳಿ ಬ್ರಾಡ್ ಗೇಜ್ ಆಯಿತು, ನಂದಿ ಹಾಲ್ಟಿನ ಹಳೆಯ ಕಟ್ಟಡ ವರ್ಷಗಟ್ಟಲೆ ಪಾಳುಬಿದ್ದಿತ್ತು. ಈಚಿನ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯವರು ನೈಋತ್ಯ ರೈಲ್ವೆಯ ಜೊತೆಗೂಡಿ ಅದರ ಜೀರ್ಣೋದ್ಧಾರ ಮಾಡಿದರು. 2022ರಲ್ಲಿ ಆ ಮಾರ್ಗಕ್ಕೆ ವಿದ್ಯುತ್ತಿನ ಮೆಮು ರೈಲುಗಳೂ ಬಂದವು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಮಗೆಲ್ಲ ಗೊತ್ತೇ ಇದೆ. ಶಂಕರ್‌ನಾಗ್ ಅದನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸ್ಟೇಷನ್ ಮಾಡಿದರು, ಆ ಪುಣ್ಯದಿಂದ ಹಳೆಯ ಕಟ್ಟಡ ಉಳಿದು 2020ರಲ್ಲಿ ವಸ್ತುಸಂಗ್ರಹಾಲಯವಾಯಿತು. ಡ್ರಾಬ್ರಿಡ್ಜಿಗೆ ಒಬ್ಬ ಶಂಕರ್‌ನಾಗ್ ಸಿಗಲಿಲ್ಲ.

ಸಿಕ್ಕಿದ್ದು ಪತ್ರಿಕೆಗಳು. 1940ರ ದಶಕದ ಹೊತ್ತಿಗೆ ಜನ ಕಡಿಮೆಯಾಗಿದ್ದರು, ಆದರೆ ಇದ್ದರು. ಅಡಿಗೆ ಮಾಡುತ್ತಿದ್ದರು, ಹಲಗೆ ಹಾದಿ ರಿಪೇರಿ ಮಾಡುತ್ತಿದ್ದರು. ಅಷ್ಟರಲ್ಲೇ ಸುತ್ತಲಿನ ಪತ್ರಿಕೆಗಳು ಡ್ರಾಬ್ರಿಡ್ಜ್ ಒಂದು ‘ಭೂತದ ಊರು’, ಎಲ್ಲರೂ ಬಿಟ್ಟುಹೋಗಿದ್ದಾರೆ, ಒಳಗೆ ಬೆಲೆಬಾಳುವ ಸಾಮಾನು ಹಾಗೇ ಬಿದ್ದಿದೆ ಎಂದು ಬರೆಯತೊಡಗಿದವು. ಓದಿದವರು ಸುಮ್ಮನಿರುತ್ತಾರೆಯೇ? ಹಳಿಯ ಮೇಲೆ ನಡೆದುಬಂದರು. ಬೀಗ ಒಡೆದರು, ಗಾಜು ಪುಡಿಮಾಡಿದರು, ಸಿಕ್ಕಿದ್ದನ್ನು ಹೊತ್ತೊಯ್ದರು, ಕೆಲವು ಮನೆಗಳಿಗೆ ಬೆಂಕಿಯಿಟ್ಟರು. ವಾರಕ್ಕೊಮ್ಮೆ ಬರುತ್ತಿದ್ದವರು ಬಂದು ನೋಡಿದರೆ ಮನೆಯಿಲ್ಲ. ಹಾಗೆ ಇನ್ನಷ್ಟು ಜನ ಬಿಟ್ಟರು. ಊರು ಬರಿದಾಗಿದೆ ಎಂದು ಬರೆದದ್ದು ಮೊದಲು, ಊರು ಬರಿದಾದದ್ದು ಆಮೇಲೆ.

ಕೊನೆಯವರೆಗೂ ಉಳಿದವರು ಚಾರ್ಲಿ ಲೂಸ್. ಬಂದವರನ್ನು ಬೆದರಿಸಿ ಓಡಿಸುತ್ತ, ತನ್ನ ಮನೆ ಕಾಯುತ್ತ ಇದ್ದು 1979ರಲ್ಲಿ ಅವರೂ ಹೊರಟರು. ಅಂದರೆ ‘ಯಾರೂ ಇಲ್ಲ’ ಎಂದು ಅಚ್ಚಾದ ಮೇಲೂ ಮೂವತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ದೀಪ ಉರಿಯುತ್ತಿತ್ತು. ಆ ವರ್ಷಗಳಲ್ಲಿ ಅಲ್ಲಿದ್ದವರ, ಅವರ ಅಪ್ಪ ಅಜ್ಜಂದಿರ ನೆನಪುಗಳನ್ನು ಕೂಡಿಹಾಕಿ ಓ. ಎಲ್. ‘ಮಾಂಟಿ’ ಡ್ಯೂಯಿ ಎಂಬವರು 1989ರಲ್ಲಿ ಒಂದು ಪುಸ್ತಕ ತಂದರು. ಅದನ್ನು ‘ಕೈಯಿಂದ ಕೈಗೆ ಬಂದ ಚರಿತ್ರೆ’ ಎಂದೇ ಅವರು ಕರೆದುಕೊಂಡದ್ದು. ನಮ್ಮ ಊರುಗಳ ಕೈಫಿಯತ್ತುಗಳಿಗೆ ಹತ್ತಿರದ ವಸ್ತು.

ಈ ಭಾಗವನ್ನು ನಾವು ರೈಲಿನಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾಗ ಎದುರಿಗೆ ಪ್ರಬಂಧಕಾರರ ತಾಯಿ ಕೂತಿದ್ದರು. ಆರು ತಿಂಗಳಿಗೆಂದು ಬಂದಿರುವವರು, ಮನೆಯಲ್ಲಿ ಬೇಸರವೆಂದು ನಮ್ಮ ಜೊತೆ ಹೊರಟಿದ್ದರು. ಕಿಟಕಿಯಾಚೆ ನೋಡುತ್ತಲೇ ಮಗನನ್ನು ಕೇಳಿದರು: “ಆವತ್ತು ಓದ್ದೆಯಲ್ಲಪ್ಪಾ, ಊರಲ್ಲೀಗ ನಮ್ಮೋರು ಯಾರೂ ಇಲ್ಲ, ಮನೆಗೆ ಬೀಗ ಬಿದ್ದೈತೆ ಅಂತ. ಯಾರೂ ಇಲ್ಲ ಅಂದ್ರೆ ಹೆಂಗೆ? ನಿಮ್ ಚಿಕ್ಕಪ್ಪ ಅಲ್ಲೇ ಅವ್ರಲ್ಲ. ಬೀಗದ ಕೈ ಇರೋದೇ ಅವ್ರತ್ರ.”

ನಾವು ನಾಲ್ವರೂ ಸುಮ್ಮನಾದೆವು. ‘ಊರಲ್ಲಿ ಈಗ ಯಾರಿದ್ದಾರೆ’ ಎನ್ನುವ ಮಾತು ನಮ್ಮ ಗೋಷ್ಠಿಯ ಪ್ರಬಂಧಗಳಲ್ಲಿ ಎಷ್ಟು ಸಲ ಬಂದಿಲ್ಲ! ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಿರುವಿದರೆ ನಮ್ಮದೇ ಲೇಖನಗಳಲ್ಲಿ ಸಿಗುತ್ತದೆ. ಹಾಗೆ ಬರೆದರೆ ಓದಲು ಚೆನ್ನಾಗಿರುತ್ತದೆ, ಕಣ್ಣು ಒದ್ದೆಯಾಗುತ್ತದೆ. ಜಮೀನಿನ ಮೇಲೆ ಕಣ್ಣಿಟ್ಟವರೂ ಇದನ್ನೇ ಹೇಳುತ್ತಾರೆ, ಊರಿನ ಬಸ್ಸು ನಿಲ್ಲಿಸುವ ಮುನ್ನ ಅಧಿಕಾರಿಗಳೂ ಇದನ್ನೇ ಹೇಳುತ್ತಾರೆ. ನಾವು ಹೇಳಿದ್ದು ವಿರಹಕ್ಕಾಗಿ ಎಂಬುದು ಅಲ್ಲಿ ಕೂತ ಚಿಕ್ಕಪ್ಪನವರಿಗೆ ಹೇಗೆ ಗೊತ್ತಾಗಬೇಕು? ಪ್ರಬಂಧಕಾರರು ಆ ಸಾಲನ್ನು ತಿದ್ದುತ್ತೇನೆ ಎಂದಿದ್ದಾರೆ. ತಿದ್ದಿದ ಪ್ರತಿ ಮುಂದಿನ ಸಂಚಿಕೆಗೆ ಬರಬೇಕು.

ಈಗ ಡ್ರಾಬ್ರಿಡ್ಜ್ ಡಾನ್ ಎಡ್ವರ್ಡ್ಸ್ ವನ್ಯಜೀವಿಧಾಮದ ಭಾಗ. 1972ರ ಕಾನೂನಿನಿಂದ ಹುಟ್ಟಿದ ಈ ಧಾಮಕ್ಕೆ, ಅದಕ್ಕಾಗಿ ದುಡಿದ ಕಾಂಗ್ರೆಸ್ ಸದಸ್ಯರ ಹೆಸರನ್ನು 1995ರಲ್ಲಿ ಇಟ್ಟರು. 2003ರಲ್ಲಿ ಕೊಲ್ಲಿಯ ಹದಿನೈದು ಸಾವಿರ ಎಕರೆಗೂ ಹೆಚ್ಚು ಉಪ್ಪಿನ ಆಗರಗಳನ್ನು ಹತ್ತು ಕೋಟಿ ಡಾಲರಿಗೆ ಸಾರ್ವಜನಿಕರ ಪರವಾಗಿ ಕೊಂಡುಕೊಂಡರು. ಡ್ರಾಬ್ರಿಡ್ಜಿನ ಮಗ್ಗುಲಿನ ಆಗರಗಳ ಒಡ್ಡುಗಳನ್ನು 2006ರಲ್ಲಿ ಒಡೆದು ಭರತದ ನೀರಿಗೆ ಬಾಗಿಲು ತೆರೆದರು. ಹೂಳು ಕೂಡಿ, ಹುಲ್ಲು ಹುಟ್ಟಿ, ಜವುಗು ಮರಳಿ ಬರುತ್ತಿದೆ. ಅಳಿವಿನಂಚಿನ ಪುಟ್ಟ ಇಲಿಯೊಂದಕ್ಕೆ, ನೀರುಕೋಳಿಯ ಬಳಗದ ಒಂದು ಹಕ್ಕಿಗೆ ಇಂಥ ಜವುಗೇ ಮನೆ. ಆ ಹಕ್ಕಿಯ ಹೆಸರು ‘ರಿಡ್ಜ್‌ವೇಸ್ ರೈಲ್’. ಡ್ರಾಬ್ರಿಡ್ಜಿನಲ್ಲಿ ನಿಲ್ಲುವ ರೈಲು ಈಗ ಅದೊಂದೇ!

ಹೋಗಬಯಸುವವರಿಗೆ ಎರಡು ಮಾತು. ಇಳಿದು ನೋಡುವ ಯೋಚನೆ ಬೇಡ. ದ್ವೀಪಕ್ಕೆ ಸಾರ್ವಜನಿಕರ ಪ್ರವೇಶ ನಿಷಿದ್ಧ, ಹಳಿಯ ಮೇಲೆ ನಡೆಯುವುದು ಅಪರಾಧ, ಅಪಾಯವೂ ಹೌದು. ಸೇತುವೆಯ ಮೇಲೆ ರೈಲು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಆ ಸೇತುವೆಗಳು ಈಗ ತೆರೆಯುವುದೂ ಇಲ್ಲ, ಕಾಯುವವನೂ ಇಲ್ಲ. ವಾರದ ದಿನಗಳಲ್ಲಿ ಏಸ್ ರೈಲು, ಎಲ್ಲ ದಿನವೂ ಕ್ಯಾಪಿಟಲ್ ಕಾರಿಡಾರ್ ಹೋಗುತ್ತವೆ. ಮೇಲಂತಸ್ತಿನಲ್ಲಿ ಕೂರಿ. ನ್ಯೂವಾರ್ಕ್ ದಾಟಿದ ಕೂಡಲೇ ಮಾತು ನಿಲ್ಲಿಸಿ, ಮೊದಲ ಸೇತುವೆಯ ಸದ್ದು ಕೇಳಿದರೆ ಎದ್ದುನಿಲ್ಲಿ. ಚಳಿಗಾಲವಾದರೆ ಹುಲ್ಲು ತಗ್ಗಿರುತ್ತದೆ, ಬಾತುಗಳೂ ಇರುತ್ತವೆ. ನಾವು ಎಣಿಸಿದಾಗ ಒಬ್ಬರಿಗೆ ಒಂಬತ್ತು ಸೂರು ಕಂಡವು, ಇನ್ನೊಬ್ಬರಿಗೆ ಏಳು. ಅಮ್ಮನವರು ಎಣಿಸಲಿಲ್ಲ. ಒಂದು ಮನೆಯ ಮುಂದಿನ ಮೆಟ್ಟಿಲು ಇನ್ನೂ ಗಟ್ಟಿಯಾಗಿದೆ ಎಂದು ಅವರು ಹೇಳಿದರು. ನಮಗೆ ಯಾರಿಗೂ ಅದು ಕಂಡಿರಲಿಲ್ಲ.